ನಾಲ್ಕೂರ ಕುದುರೆಗಳು

ಅಂಬರೀಶನ ಎಂಟು ಕುದುರೆಗಳು ನಾಲ್ಕು ಊರುಗಳಲ್ಲಿದ್ದವು. ಅವುಗಳ ಹೊಟ್ಟೆ, ಗೊರಸು, ಹಲ್ಲು, ಕೆಮ್ಮು ಎಲ್ಲವೂ ಮಾಹೀರಾಳ ತಲೆಯೊಳಗಿದ್ದವು. ಸವಣೂರಿನಲ್ಲಿ ಎರಡು, ಶಿಗ್ಗಾವಿಯಲ್ಲಿ ಎರಡು, ಹಾನಗಲ್ಲಿನಲ್ಲಿ ಅಂಬರೀಶನ ಮನೆಯ ಹಿತ್ತಿಲಲ್ಲೇ ಮೂರು, ಹಿರೇಕೆರೂರಿನಲ್ಲಿ ಒಂದು. ಎಲ್ಲವೂ ಮದುವೆ ಮೆರವಣಿಗೆಯ ಕುದುರೆಗಳು. ಟೆಂಪೋದಲ್ಲಿ ಕುದುರೆ ಹೇರಿಕೊಂಡು ಊರೂರು ಅಲೆಯುವುದಕ್ಕಿಂತ ಆಯಾ ಊರಲ್ಲೇ ಕಟ್ಟಿಸಿದರೆ ಸುಲಭವೆಂದು ಅಂಬರೀಶ ಹಾಗೆ ಹಂಚಿಟ್ಟಿದ್ದ. ಅವನಿಗೇನೋ ಸುಲಭವೇ. ಬಿಸಿಲಲ್ಲಿ ಸ್ಕೂಟರ್ ಏರಿ ನಾಲ್ಕೂರು ಸುತ್ತುವವಳು ಮಾಹೀರಾ.

ಒಣ ಮೇವಿಗೆ ಹತ್ತಿಮತ್ತೂರಿನಿಂದ ಜೋಳದ ಕಣಿಕೆ ತರಿಸುವುದು, ಹಸಿ ಮೇವಿಗೆ ದುಂಡಸಿಯ ರೈತನೊಬ್ಬನ ಹೊಲದಲ್ಲಿ ಕುದುರೆಮೆಂತ್ಯ ಬೆಳೆಸುವುದು, ಒಂದೂವರೆ ತಿಂಗಳಿಗೊಮ್ಮೆ ಲಾಳ ಬಡಿಯುವವನನ್ನು ನಾಲ್ಕೂ ಕಡೆ ಕರೆದುಕೊಂಡು ಹೋಗುವುದು, ಜಂತಿನ ಔಷಧ ಕುಡಿಸುವುದು, ಎಲ್ಲ ಅವಳದೇ. ತಾನಿಲ್ಲದ ಊರುಗಳಿಗೆ ಬೆಳಿಗ್ಗೆ ಒಂದು ಫೋನು, ಸಂಜೆ ಒಂದು ಫೋನು. ಫೋನಿನಲ್ಲಿ ಅವಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಲದ್ದಿ ಹೆಂಗೈತಿ?"

ಹಿರೇಕೆರೂರಿನ ಶೈಲಾ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದಳು. "ನಾ ಹೆಂಗದೇನಿ, ಉಂಡ್ನಿಲ್ಲೋ ಅಂತ ಒಂದ ದಿನಾ ಕೇಳಲಿಲ್ಲಲ್ಲವಾ ನೀ. ಬರೇ ಲದ್ದಿ ಕೇಳ್ತಿ."

ಶೈಲಾ ರವಿಕೆ ಹೊಲಿಯುವವಳು. ಗಂಡ ಲಾರಿ ಓಡಿಸುತ್ತ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಂಬರೀಶನ ಕೆಂಚು ಹೆಣ್ಣು ಕುದುರೆ ಇತ್ತು. ಅದಕ್ಕೆ ಅಂಬರೀಶ ಇಟ್ಟ ಹೆಸರು ರಾಣಿ. ಒಡಹುಟ್ಟಿದವರಿಲ್ಲದ ಶೈಲಾ ಅದನ್ನು ತಂಗೆವ್ವ ಎಂದು ಕರೆಯುತ್ತಿದ್ದಳು. ಹೊಲಿಗೆ ಮಷಿನ್ ತುಳಿಯುತ್ತಲೇ ಕಿಟಕಿಯಾಚೆಗೆ ಅದರ ಜೊತೆ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ಗುರುವಾರ ಮಾಹೀರಾ ಬಂದಳೆಂದರೆ ಇಬ್ಬರೂ ರೊಟ್ಟಿ ಪಲ್ಯ ಹಂಚಿಕೊಂಡು ತಿಂದು, ಆಮೇಲೆ ಕುದುರೆಯ ಮೈ ಉಜ್ಜುತ್ತಿದ್ದರು.

ಮಾಹೀರಾ ಇಷ್ಟೊಂದು ಓಡಾಡುವುದು ಹೊಟ್ಟೆಪಾಡಿಗೆ ಎಂದೇ ಶೈಲಾ ತಿಳಿದಿದ್ದಳು. ಎಲ್ಲರೂ ಹಾಗೇ ತಿಳಿದಿದ್ದರು.

ಮಾಹೀರಾಳ ಅಪ್ಪ ಮೆಹಬೂಬಸಾಬ ಯಲವಿಗಿ ಸ್ಟೇಷನ್ನಿನಿಂದ ಸವಣೂರಿಗೆ ಟಾಂಗಾ ಹೊಡೆದವನು. ಆಟೋಗಳು ಬಂದ ಮೇಲೆ ಟಾಂಗಾ ಮುರಿದು, ಒಂದು ಬಿಳಿ ಹೆಣ್ಣು ಕುದುರೆ ಸಾಕಿ, ಮದುವೆಗಳಿಗೆ ಕೊಡತೊಡಗಿದ್ದ. ಕಾಡಿಗೆ ತೀಡಿದಂಥ ಕಣ್ಣಿತ್ತೆಂದು ಅದಕ್ಕೆ ಸುರಮಾ ಎಂದು ಹೆಸರಿಟ್ಟಿದ್ದ. ಹೆಂಡತಿ ತೀರಿಕೊಂಡ ಮೇಲೆ, ಗಂಡನನ್ನು ಬಿಟ್ಟು ತವರಿಗೆ ಬಂದ ಮಗಳು ಮತ್ತು ಈ ಕುದುರೆ, ಇಷ್ಟೇ ಅವನ ಸಂಸಾರ.

ಆರು ವರ್ಷದ ಹಿಂದೆ, ಒಂದು ಏಪ್ರಿಲ್ ತಿಂಗಳು, ಅಂಬರೀಶ ಬಂದು ಸುರಮಾಳನ್ನು ಒಂದು ಮೆರವಣಿಗೆಗೆಂದು ಕೇಳಿದ. ಆಗ ಅವನ ಹತ್ತಿರ ಎರಡೇ ಕುದುರೆ ಇದ್ದವು. ಎರಡು ತಾಸಿನ ಕೆಲಸ, ಸಂಜೆಯೊಳಗೆ ತಂದು ಬಿಡುತ್ತೇನೆ ಎಂದ. ಮೆಹಬೂಬಸಾಬನಿಗೆ ಆ ದಿನ ಜ್ವರ. ನಂಬಿ ಕಳಿಸಿದ. ಅಂಬರೀಶ ಆ ಒಂದು ದಿನ ಹಿರೇಕೆರೂರಿನ ಸುತ್ತ ಮೂರು ಹಳ್ಳಿಗಳಲ್ಲಿ ಮೂರು ಮೆರವಣಿಗೆ ಮಾಡಿಸಿದ. ಎರಡನೆಯದರಲ್ಲೇ ಕುದುರೆ ಮುಂಗಾಲು ಎತ್ತಿ ಎತ್ತಿ ಇಡತೊಡಗಿತ್ತು. ನೋವು ತಿಳಿಯದಿರಲೆಂದು ಇಂಜೆಕ್ಷನ್ ಚುಚ್ಚಿಸಿ ಮೂರನೆಯದರಲ್ಲಿ ಡಿಜೆ ಮುಂದೆ ಕುಣಿಸಿದ. ಸೀಳಿದ್ದ ಎಲುಬು ಅಲ್ಲಿ ಪೂರ್ತಿ ಮುರಿಯಿತು. ಬಿದ್ದ ಕುದುರೆಯ ಮೇಲಿನ ಜರಿ ಬಟ್ಟೆ, ಜೀನು ಬಿಚ್ಚಿಕೊಂಡು ಅಲ್ಲೇ ರಸ್ತೆಬದಿಯಲ್ಲಿ ಬಿಟ್ಟು ಹೋದ. ಫೋನೂ ಮಾಡಲಿಲ್ಲ.

ಅಪ್ಪ ಮಗಳು ಹುಡುಕಿಕೊಂಡು ಹೋದಾಗ ಮರುದಿನ ಮಧ್ಯಾಹ್ನ. ಸುರಮಾ ಇನ್ನೂ ಬದುಕಿತ್ತು. ಕಣ್ಣಿನ ಸುತ್ತ ಕಾಗೆಗಳು ಕುಕ್ಕಿದ್ದವು. ಮೆಹಬೂಬಸಾಬ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಾಹೀರಾ ಸೆರಗಿನಿಂದ ಕಾಗೆ ಓಡಿಸುತ್ತ ನಿಂತಳು. ಹೊತ್ತು ಇಳಿಯುವಾಗ ಅದು ಸತ್ತಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೆಹಬೂಬಸಾಬ ಕುಂಟು ಕುದುರೆ ಕೊಟ್ಟು ಮದುವೆ ಕೆಡಿಸಿದ ಎಂದು ಅಂಬರೀಶ ಊರೂರಿಗೆ ಹೇಳಿಕೊಂಡು ಬಂದ. ಮೂವತ್ತು ವರ್ಷ ಟಾಂಗಾ ಹೊಡೆದವನ ಮಾತು ಯಾರೂ ಕೇಳಲಿಲ್ಲ. ಮುಂದಿನ ಹಂಗಾಮಿನಲ್ಲಿ ಅವನ ಮನೆಗೆ ಒಬ್ಬರೂ ಬರಲಿಲ್ಲ. ಅವನು ಮತ್ತೆ ಕುದುರೆ ಸಾಕಲಿಲ್ಲ.

"ಬಿಡು ಬೇಟಿ, ಖುದಾ ನೋಡ್ಕೊಂತಾನ" ಎಂದ ಅಪ್ಪ. ಮಾಹೀರಾ ಬಿಡಲಿಲ್ಲ.

ನಾಲ್ಕು ವರ್ಷ ಕಳೆದವು. ಅಂಬರೀಶನ ಕುದುರೆ ಎರಡರಿಂದ ಎಂಟಾದವು. ಬೇರೆ ಬೇರೆ ಊರಲ್ಲಿ ಕಟ್ಟಿದ ಕುದುರೆಗಳನ್ನು ನೋಡಿಕೊಳ್ಳುವವರಿಲ್ಲದೆ ಒಂದಕ್ಕೆ ಹೊಟ್ಟೆಶೂಲೆ, ಇನ್ನೊಂದಕ್ಕೆ ಗೊರಸು ಕೊಳೆತ ಎಂದು ಅವನು ಪರದಾಡುತ್ತಿದ್ದಾನೆಂಬ ಸುದ್ದಿ ಸವಣೂರಿಗೂ ಬಂತು. ಮಾಹೀರಾ ತಾನಾಗಿಯೇ ಹಾನಗಲ್ಲಿಗೆ ಹೋಗಿ ಅವನೆದುರು ನಿಂತಳು.

ಅಂಬರೀಶ ಅವಳ ಗುರುತು ಹಿಡಿದ. "ಮೆಹಬೂಬಸಾಬನ ಮಗಳಲ್ಲ ನೀ? ಹಳೇದೆಲ್ಲಾ ಮನಸ್ಸಿನ್ಯಾಗ ಇಟಗೊಂಡಿಲ್ಲಲ್ಲಾ?"

"ಇಟಗೊಂಡ್ರ ನಿಮ್ಮ ಬಾಗಲಿಗೆ ಯಾಕ ಬರ್ತಿದ್ನಿರಿ, ಅಣ್ಣಾರ?" ಎಂದಳು ನಗುತ್ತ.

ಅವನಿಗೂ ಅದು ಸರಿ ಕಂಡಿತು. ಒಂದು ಕೆಲಸ ಕೊಟ್ಟರೆ ಹಳೆಯದೆಲ್ಲ ತೀರಿತು ಎಂದುಕೊಂಡ.

ಅವಳ ಲೆಕ್ಕಾಚಾರ ಸರಳವಾಗಿತ್ತು. ಅವನು ಒಂದೊಂದಕ್ಕೂ ತನ್ನನ್ನೇ ನೆಚ್ಚುವಂತೆ ಮಾಡಬೇಕು. ಯಾವ ಕುದುರೆ ಎಲ್ಲಿದೆ, ಯಾವುದು ಏನು ತಿನ್ನುತ್ತದೆ, ಯಾವುದಕ್ಕೆ ಏನು ಆಗದು ಎಂಬುದು ತನ್ನನ್ನು ಬಿಟ್ಟು ಯಾರಿಗೂ ತಿಳಿಯಬಾರದು. ಆಮೇಲೆ ಒಂದು ದಿನ ಬರುತ್ತದೆ. ಅದು ಎಂಥ ದಿನವೆಂದು ಅವಳಿಗೇ ಗೊತ್ತಿರಲಿಲ್ಲ. ಕುದುರೆಗಳಿಗೆ ಕೆಡುಕು ಮಾಡುವುದಿಲ್ಲವೆಂದು ಮಾತ್ರ ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಎರಡು ವರ್ಷ ಒಂದು ಕುದುರೆಗೂ ಶೂಲೆ ಬರಲಿಲ್ಲ, ಒಂದು ಲಾಳವೂ ಸಡಿಲವಾಗಲಿಲ್ಲ. ಅಂಬರೀಶ ಕಂಡಕಂಡವರಿಗೆ, "ನಮ್ಮ ಮಾಹೀರಾ ಇಲ್ಲಂದ್ರ ನಾ ಕೈಕಾಲಿಲ್ಲದಂವ" ಎನ್ನುತ್ತಿದ್ದ. ಆ ಮಾತು ಕೇಳಿದ ದಿನ ಮಾಹೀರಾ ಸಕ್ಕರೆ ಹೆಚ್ಚು ಹಾಕಿ ಚಹಾ ಕುಡಿಯುತ್ತಿದ್ದಳು.

ಈ ವರ್ಷ ಅಕ್ಷಯ ತೃತೀಯಕ್ಕೆ ನಾಲ್ಕೂ ಊರಿನಲ್ಲಿ ಮದುವೆಗಳು. ಅಂಬರೀಶ ಇದ್ದಬದ್ದ ಕುದುರೆಗಳನ್ನೆಲ್ಲ ಕೊಡಲು ಒಪ್ಪಿಕೊಂಡಿದ್ದ. ಹಾನಗಲ್ಲಿನಲ್ಲಂತೂ ಅವನ ಒಬ್ಬಳೇ ಮಗಳು ಭಾಗ್ಯಶ್ರೀಯ ಮದುವೆಯೂ ಅದೇ ದಿನ. ಅಳಿಯನನ್ನು ಹಾಲಿನಂಥ ಬಿಳಿ ಕುದುರೆಯ ಮೇಲೆ ಕೂರಿಸಬೇಕೆಂದು ಹಟ ಹಿಡಿದು, ಹಬ್ಬಕ್ಕೆ ಇಪ್ಪತ್ತೈದು ದಿನ ಇರುವಾಗ ಹೊರರಾಜ್ಯದ ದಲಾಲಿಯೊಬ್ಬನಿಂದ ಒಂದು ಬಿಳಿ ಗಂಡು ಕುದುರೆ ತರಿಸಿದ. ರಕ್ತ ಪರೀಕ್ಷೆಯ ಕಾಗದ ಗೀಗದ ಏನೂ ಇರಲಿಲ್ಲ. ಮಗಳಿಗೆ ಮದುವೆಯ ದಿನವೇ ತೋರಿಸಬೇಕೆಂದು ಅದನ್ನು ಹಿರೇಕೆರೂರಿನ ಶೆಡ್ಡಿನಲ್ಲಿ, ತಂಗೆವ್ವನ ಪಕ್ಕ ಕಟ್ಟಿಸಿದ.

ಮಾಹೀರಾ ಅದನ್ನು ನೋಡಿದ್ದು ನಾಲ್ಕು ದಿನ ಬಿಟ್ಟು, ಗುರುವಾರ. ಮೂಗಿನ ಒಂದು ಹೊಳ್ಳೆಯಿಂದ ಅಂಟು ಅಂಟಾದ ಹಳದಿ ಸಿಂಬಳ ಇಳಿಯುತ್ತಿತ್ತು. ಹೊಳ್ಳೆ ಅಗಲಿಸಿ ನೋಡಿದರೆ ಒಳಗೆ ಹುಣ್ಣು. ಹಿಂಗಾಲಿನ ಒಳಬದಿಯಲ್ಲಿ ಮಣಿಸರದ ಹಾಗೆ ಸಾಲಾಗಿ ಗಂಟುಗಳು. ಒಂದು ಗಂಟು ಒಡೆದು ಜಿನುಗುತ್ತಿತ್ತು.

ಇದು ನೆಗಡಿಯಲ್ಲ ಎಂದು ಟಾಂಗಾದವನ ಮಗಳಿಗೆ ಹೇಳಿಕೊಡಬೇಕಿರಲಿಲ್ಲ. ತಕ್ಷಣ ತಂಗೆವ್ವನನ್ನು ಬಿಚ್ಚಿ ಶೆಡ್ಡಿನಿಂದ ದೂರ ಹುಣಸೆ ಮರದ ಕೆಳಗೆ ಕಟ್ಟಿದಳು. ಬಕೆಟ್ಟು, ಉಜ್ಜುವ ಬ್ರಷ್ಷು, ಮೇವಿನ ಬುಟ್ಟಿ ಎಲ್ಲ ಬೇರೆ ಮಾಡಿದಳು. ಆಮೇಲೆ ಅಂಬರೀಶನಿಗೆ ಫೋನ್ ಮಾಡಿದಳು.

"ಹೊಸಾ ಊರಿನ ನೀರು, ನೆಗಡಿ ಆಗಿರ್ತೈತಿ. ಬೆಲ್ಲಾ ಸುಂಠಿ ತಿನಿಸು" ಎಂದ ಅವನು.

"ಇದು ಗ್ಲ್ಯಾಂಡರ್ಸ್ ಇದ್ದಂಗ ಕಾಣ್ತೈತ್ರಿ. ದನದ ದವಾಖಾನಿ ಸುನಿತಾ ಡಾಕ್ಟರಿಗೆ ತೋರಸೂನು."

ಅಂಬರೀಶನ ದನಿ ಬದಲಾಯಿತು. "ಆ ಹೆಸರ ಬಾಯಾಗ ತರಬ್ಯಾಡ. ಡಾಕ್ಟರ್ ಬಂದ್ರ ರಕ್ತ ತಗೀತಾರ, ಲಾಯಕ್ಕ ಶೀಲ್ ಹಾಕ್ತಾರ. ಮಗಳ ಮದಿವಿ ಮುಗೀಲಿ, ಆಮ್ಯಾಲ ನೋಡಿದ್ರಾತು. ನೀ ಬಾಯಿ ಮುಚಗೊಂಡಿರು."

"ಆತ್ರಿ ಅಣ್ಣಾರ" ಎಂದಳು.

ಅಂದು ಮನೆಗೆ ಬಂದು ಅಪ್ಪನಿಗೆ ಗಂಟುಗಳ ವಿಷಯ ಹೇಳಿದಳು. ಮೆಹಬೂಬಸಾಬ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. "ನಾ ಸಣ್ಣಾಂವ ಇದ್ದಾಗ ಯಲವಿಗಿ ಸ್ಟೇಷನ್ನಿನ್ಯಾಗ ಏಳ ಕುದುರಿ ಹಿಂಗ ಹೋದೂ ಬೇಟಿ. ಒಬ್ಬ ಕುದುರಿ ಮೇಸಾಂವನೂ ಹೋದ. ಇವತ್ತ ಡಾಕ್ಟರಿಗೆ ಹೇಳು."

"ಆಗಲೇ ಹೇಳೇನಿ ಅಬ್ಬಾ" ಎಂದಳು. ಅಪ್ಪನಿಗೆ ಅವಳು ಹೇಳಿದ ಮೊದಲ ದೊಡ್ಡ ಸುಳ್ಳು ಅದು.

ಯಾಕೆಂದರೆ ಸ್ಕೂಟರ್ ಮೇಲೆ ಬರುವಾಗಲೇ ಅವಳು ದಿನಗಳನ್ನು ಮನಸ್ಸಿನಲ್ಲಿ ಎಣಿಸಿದ್ದಳು. ಈ ರೋಗ ಬಂದ ಕುದುರೆಗೆ ಔಷಧವಿಲ್ಲ, ಸರ್ಕಾರವೇ ಕೊಲ್ಲಿಸುತ್ತದೆ. ಅದೇ ಒಡೆಯನ ಉಳಿದ ಕುದುರೆಗಳು ರಕ್ತ ಪರೀಕ್ಷೆ ಮುಗಿಯುವ ತನಕ ಕಟ್ಟಿದ ಗೂಟ ಬಿಟ್ಟು ಕದಲುವಂತಿಲ್ಲ. ಇವತ್ತೇ ಹೇಳಿದರೆ, ಹಬ್ಬಕ್ಕೆ ಇನ್ನೂ ಮೂರು ವಾರ. ಅಂಬರೀಶ ಅತ್ತು ಕರೆದು, ಅವರಿವರ ಕಾಲು ಹಿಡಿದು, ಬೇರೆಯವರ ಕುದುರೆ ತಂದಾದರೂ ಮಾತು ಉಳಿಸಿಕೊಳ್ಳುತ್ತಾನೆ. ಹನ್ನೊಂದು ದಿನ ತಡೆದು ಹೇಳಿದರೆ, ರಕ್ತದ ವರದಿ ಬರಲು ಒಂದು ವಾರ. ಸರಿಯಾಗಿ ಹಬ್ಬದ ಹೊಸ್ತಿಲಲ್ಲಿ ನಾಲ್ಕೂ ಲಾಯಕ್ಕೆ ಬೀಗ. ನಾಲ್ಕೂರಿನ ಮದುವೆಮನೆಗಳು ಒಂದೇ ದಿನ ಅವನ ಬಾಗಿಲಿಗೆ ಬಂದು ಬೈಯುತ್ತವೆ. ಮಗಳ ಮದುವೆಯ ಚಪ್ಪರದಲ್ಲಿ ಅವನು ತಲೆ ತಗ್ಗಿಸಿ ನಿಲ್ಲುತ್ತಾನೆ.

ಆರು ವರ್ಷ ಕಾದ ದಿನ ಕಾಲಡಿಗೇ ಬಂದು ಬಿದ್ದಿತ್ತು. ಹನ್ನೊಂದು ದಿನ ಯಾವ ದೊಡ್ಡದು?

ಶೈಲಾಳಿಗೆ ಅವಳು ಹೇಳಿದ್ದು ಅರ್ಧವೇ. "ಬಿಳೇದಕ್ಕ ಕೆಟ್ಟ ನೆಗಡಿ ಆಗೈತಿ ಶೈಲಕ್ಕಾ. ಮುಖಕ್ಕ ಬಟ್ಟಿ ಕಟಗೊಂಡ ಹೋಗು. ಕೈಗೆ ಪ್ಲಾಸ್ಟಿಕ್ ಚೀಲಾ ಹಾಕ್ಕೊ. ಮೂಗಿನ ಹತ್ರ ಹೋಗಬ್ಯಾಡ."

"ಪಾಪ, ಮೂಕಪ್ರಾಣಿ. ಒರಸದಿದ್ರ ಉಸರಾಡೂದು ಹೆಂಗ?" ಎಂದಳು ಶೈಲಾ.

"ನಾ ಹೇಳಿದಷ್ಟ ಮಾಡು."

ಅಲ್ಲಿಂದ ಮುಂದೆ ಮಾಹೀರಾ ಎರಡು ದಿನಕ್ಕೊಮ್ಮೆ ಹಿರೇಕೆರೂರಿಗೆ ಹೋದಳು. ಹೋದಾಗೆಲ್ಲ ಶೆಡ್ಡಿಗೆ ಸುಣ್ಣ ಚೆಲ್ಲಿದಳು, ಲದ್ದಿ ಸುಟ್ಟಳು, ತಂಗೆವ್ವನ ಹೊಳ್ಳೆಗಳನ್ನು ಬ್ಯಾಟರಿ ಹಿಡಿದು ನೋಡಿದಳು. ಸ್ವಚ್ಛವಾಗಿದ್ದವು. ಸವಣೂರಿನ, ಶಿಗ್ಗಾವಿಯ ಕುದುರೆಗಳ ಹತ್ತಿರ ಆ ಬಟ್ಟೆ, ಆ ಚಪ್ಪಲಿಯಲ್ಲಿ ಕಾಲಿಡಲಿಲ್ಲ. ಎಲ್ಲ ತನ್ನ ಹಿಡಿತದಲ್ಲಿದೆ ಎಂಬ ಧೈರ್ಯ ಅವಳಿಗೆ. ಒಳಗೊಳಗೇ ಒಂದು ಹುರುಪೂ ಇತ್ತು. ಸ್ಕೂಟರ್ ಮೇಲೆ ಹೋಗುವಾಗ ಅಂಬರೀಶನ ಮುಖ ಹೇಗಾಗಬಹುದೆಂದು ನೆನೆದು ಒಬ್ಬಳೇ ನಗುತ್ತಿದ್ದಳು.

ಒಂಬತ್ತನೆಯ ದಿನ ಹಾನಗಲ್ಲಿಗೆ ಹೋದಳು. ಹಿತ್ತಿಲ ಬಾಗಿಲು ತೆರೆದವಳು ಹಾಗೇ ನಿಂತಳು. ಅಲ್ಲಿನ ಮೂರು ಕುದುರೆಗಳ ನಡುವೆ ಬಿಳಿ ಕುದುರೆ ನಿಂತಿತ್ತು. ನಾಲ್ಕೂ ಒಂದೇ ಸಿಮೆಂಟ್ ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದವು. ಬಿಳಿಯದರ ಮೂಗಿನಿಂದ ಇಳಿದ ಎಳೆ ನೀರಿಗೆ ತಾಗುತ್ತಿತ್ತು.

ಅಂಬರೀಶ ಹಿಂದಿನ ದಿನ ಅವಳಿಗೆ ಹೇಳದೆ, ಶೈಲಾಳಿಗೂ ಹೇಳಬೇಡವೆಂದು ತಾಕೀತು ಮಾಡಿ, ಟೆಂಪೋ ಕಳಿಸಿ ತರಿಸಿದ್ದ. "ಮಗಳು ಊರಾಗ ಇಲ್ಲ. ಜೀನು, ಜರಿ ಜೂಲಾ ಎಲ್ಲಾ ಹಾಕಿ ನೋಡಬೇಕಲ್ಲಾ. ನೆಗಡಿ ಈಗ ಕಡಿಮಿ ಆಗೈತಿ ನೋಡು" ಎಂದ ಕಟ್ಟೆಯ ಮೇಲೆ ಕೂತು.

ಮಾಹೀರಾಳ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ತನ್ನ ಗುಂಡಿಯನ್ನು ಅವನೇ ಇನ್ನಷ್ಟು ಆಳ ತೋಡಿಕೊಂಡಿದ್ದ. ಮರುಕ್ಷಣ ಮೂರು ಕುದುರೆಗಳೂ ಅವಳ ಗುರುತು ಹಿಡಿದು ಕಿವಿ ಮುಂದೆ ಮಾಡಿದವು. ಕಂದು ಬಣ್ಣದ ಬಾದಲ್ ಕತ್ತು ಚಾಚಿ ಅವಳ ಭುಜ ಮೂಸಿತು. ಅವಳು ಜೇಬಿನಿಂದ ಫೋನ್ ತೆಗೆದಳು. ಸುನಿತಾ ಡಾಕ್ಟರ ನಂಬರು ಕಣ್ಣೆದುರೇ ಇತ್ತು. ಇನ್ನು ಎರಡೇ ದಿನ ಎಂದುಕೊಂಡು ಫೋನನ್ನು ಮತ್ತೆ ಜೇಬಿಗೆ ಹಾಕಿದಳು. ತೊಟ್ಟಿಯ ನೀರು ಚೆಲ್ಲಿ ತೊಳೆದು, ಬಿಳಿಯದನ್ನು ಹಿತ್ತಿಲ ಮೂಲೆಗೆ ಕಟ್ಟಿ, ಸ್ಕೂಟರ್ ಏರಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಎಂಟಕ್ಕೆ ಡಾಕ್ಟರಿಗೆ ಫೋನ್ ಮಾಡಿದಳು. ಸುನಿತಾ ಡಾಕ್ಟರು ಹತ್ತಕ್ಕೆಲ್ಲ ಹಾನಗಲ್ಲಿನಲ್ಲಿದ್ದರು. ಬಿಳಿ ಕುದುರೆಯ ಮೂಗನ್ನು ನೋಡಿದ್ದೇ ಹಿಂದೆ ಸರಿದು ಇಮ್ಮಡಿ ಮಾಸ್ಕ್ ಹಾಕಿಕೊಂಡರು. ಅಂದೇ ನಾಲ್ಕೂರಿನ ಒಂಬತ್ತೂ ಕುದುರೆಗಳ ರಕ್ತ ತೆಗೆದರು. ಅಂಬರೀಶ ಮೊದಲು ಬೆದರಿಸಿದ, ಆಮೇಲೆ ತೆಂಗಿನಕಾಯಿ ಸೀರೆ ಹಿಡಿದು ಡಾಕ್ಟರ ಮನೆಗೆ ಹೋದ. ಬಾಗಿಲು ತೆಗೆಯಲಿಲ್ಲ.

ಅಕ್ಷಯ ತೃತೀಯಕ್ಕೆ ಮೂರು ದಿನ ಇರುವಾಗ ವರದಿ ಬಂತು. ಬಿಳಿ ಕುದುರೆಗೆ ರೋಗ ಖಚಿತ. ಹಿರೇಕೆರೂರಿನ ಕೆಂಚು ಹೆಣ್ಣು ಕುದುರೆಗೂ ಖಚಿತ. ಒಂಬತ್ತೂ ಕುದುರೆಗಳು ಗೂಟ ಬಿಟ್ಟು ಕದಲಬಾರದು, ಮೂರು ವಾರದ ನಂತರ ಮತ್ತೆ ಪರೀಕ್ಷೆ.

ಎರಡನೆಯ ಸಾಲನ್ನು ಮಾಹೀರಾ ಮತ್ತೊಮ್ಮೆ ಓದಿದಳು. ತಂಗೆವ್ವನ ಮೂಗು ಸ್ವಚ್ಛವಾಗಿತ್ತಲ್ಲ! "ಹೊರಗ ಕಾಣದಿದ್ರೂ ಒಳಗ ಇರ್ತೈತಮ್ಮಾ" ಎಂದರು ಡಾಕ್ಟರು.

ಅಂದು ಮಧ್ಯಾಹ್ನವೇ ಅಂಬರೀಶ ಸವಣೂರಿಗೆ ಬಂದ. ಅಂಗಳದಲ್ಲಿ ನಿಂತು ಕೂಗಿದ. ಅಕ್ಕಪಕ್ಕದವರು ಬಾಗಿಲಿಗೆ ಬಂದರು.

"ಡಾಕ್ಟರಿಗೆ ಫೋನ್ ಮಾಡಿದಾಕಿ ನೀನ ಹೌದಲ್ಲೋ?"

"ಹೂನ್ರಿ. ನಾನ ಮಾಡೇನಿ."

"ನಾಕ ಊರಿನವ್ರು ಮನೀ ಮುಂದ ಕುಂತಾರ. ಬೀಗರು ಫೋನ್ ಎತ್ತವಲ್ಲರು. ರೋಗದ ಮನಿ ಅಂತ ಅಡಗಿಯವ್ರು ಬರಾಕ ಒಲ್ಲೆ ಅಂತಾರ. ನಿನಗ ನಾ ಏನ ಕಡಿಮಿ ಮಾಡಿದ್ನಿ? ಅನ್ನಾ ಕೊಟ್ಟಾವ್ನಿಗೆ ಹಿಂಗ ಮಾಡ್ತಾರ?"

ಈ ಗಳಿಗೆಗಾಗಿ ಮಾಹೀರಾ ಆರು ವರ್ಷ ಮಾತು ಕೂಡಿಟ್ಟಿದ್ದಳು. ಬಂದ ಮಾತು ಒಂದೇ. "ಸುರಮಾ ನೆನಪೈತೇನ್ರಿ?"

ಅಂಬರೀಶ ಕಣ್ಣು ಕಿರಿದು ಮಾಡಿ ನೋಡಿದ. "ಯಾರಾಕಿ?"

ಅವನು ನಾಟಕ ಮಾಡುತ್ತಿರಲಿಲ್ಲ. ಆ ಹೆಸರು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ದಿನ ಬಾಡಿಗೆಗೆ ತಂದ ಕುದುರೆಗೆ ಹೆಸರಿದೆಯೆಂದು ಅವನು ಕೇಳಿರಲೇ ಇಲ್ಲ.

"ನಮ್ಮ ಬಿಳೇ ಕುದುರಿ. ನೀವು ಇಂಜೆಕ್ಷನ್ ಚುಚ್ಚಿ ಕುಣಿಸಿದ್ದು. ರಸ್ತೆದಾಗ ಕಾಗಿಗೆ ಬಿಟ್ಟು ಹೋದದ್ದು."

ಆಗ ಅವನಿಗೆ ನೆನಪಾಯಿತು. "ಅದ? ಆ ಕುದುರಿಗೆ ಇದು? ನನ್ನ ಮಗಳ ಮದಿವಿ..."

"ಹೌದ್ರಿ, ಆ ಕುದುರಿಗೆ. ನಮ್ಮ ಅಬ್ಬಾ ಆ ದಿನದಿಂದ ಹಗ್ಗಾ ಹಿಡದಿಲ್ಲ. ನೀವು ಊರ ಮುಂದ ತಲಿ ತಗ್ಗಸಬೇಕಂತ ನಾ ಎರಡ ವರ್ಷ ನಿಮ್ಮ ಲದ್ದಿ ಬಳದೇನಿ. ತಗ್ಗಸ್ರಿ ಈಗ."

ಅಂಬರೀಶ ಸುತ್ತ ನೋಡಿದ. ನೆರೆಯವರು ಯಾರೂ ಅವನ ಪರ ಬಾಯಿ ಬಿಡಲಿಲ್ಲ. ಕೈ ಎತ್ತಿದವನು, ಒಳಗಿನಿಂದ ಮೆಹಬೂಬಸಾಬ ಕೋಲೂರಿ ಬರುವುದನ್ನು ಕಂಡು ಇಳಿಸಿದ. ಹೋಗುವಾಗ ಅವನ ಹೆಗಲು ಇಳಿಬಿದ್ದಿದ್ದವು. ಮಾಹೀರಾ ಅವನ ಬೆನ್ನನ್ನು ತಿರುವು ದಾಟುವ ತನಕ ಕಣ್ಣು ತುಂಬ ನೋಡಿದಳು. ಚೆನ್ನಾಗಿತ್ತು. ಆ ಸುಖವನ್ನು ಅವಳು ಮುಂದೆಂದೂ ಸುಳ್ಳೆನ್ನಲಿಲ್ಲ. ಹೆಸರೇ ಗೊತ್ತಿಲ್ಲದವನ ಮೇಲೆ ಆರು ವರ್ಷ ಹಲ್ಲು ಕಡಿದೆನಲ್ಲ ಎಂಬುದೊಂದು ಮುಳ್ಳು ಮಾತ್ರ ನಡುವೆ ಚುಚ್ಚುತ್ತಿತ್ತು.

ಭಾಗ್ಯಶ್ರೀಯ ಮದುವೆ ನಿಲ್ಲಲಿಲ್ಲ. ಬೀಗರು ತಮ್ಮೂರಿನಲ್ಲೇ ಮಾಡಿಕೊಂಡರು. ಅಂಬರೀಶ ಹೆಣ್ಣಿನ ಅಪ್ಪನಾಗಿಯೂ ಚಪ್ಪರದ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದನಂತೆ.

ಬಿಳಿ ಕುದುರೆಯನ್ನು ಹಾನಗಲ್ಲಿನಲ್ಲೇ ಕೊಂದು ಹೂತರು. ತಂಗೆವ್ವನನ್ನು ಕೊಲ್ಲುವ ದಿನ ಹಿರೇಕೆರೂರಿನ ಹೊರಗೆ ಜೆಸಿಬಿಯಿಂದ ಆಳದ ಗುಂಡಿ ತೋಡಿಸಿದ್ದರು. ಶೈಲಾ ಅಲ್ಲಿರಲಿಲ್ಲ. ಐದು ದಿನದಿಂದ ಜ್ವರ, ಎದೆಯಲ್ಲಿ ನೋವು. ಕತ್ತರಿ ತಾಗಿ ಕೊಯ್ದಿದ್ದ ಬೆರಳಿನಿಂದಲೇ ಅವಳು ಬಿಳಿ ಕುದುರೆಯ ಮೂಗು ಒರಸಿದ್ದಳೆಂದು ತಿಳಿದು, ಸರ್ಕಾರಿ ಆಸ್ಪತ್ರೆಯಲ್ಲಿ ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಹಗ್ಗ ಹಿಡಿಯಲು ಮಾಹೀರಾ ತಾನೇ ಮುಂದೆ ಬಂದಳು. ಮೈ ಮುಚ್ಚುವ ಬಿಳಿ ಅಂಗಿ, ಕಣ್ಣಿಗೆ ಕನ್ನಡಕ. ಅವಳ ಗುರುತು ಸಿಗದೆ ಕುದುರೆ ಬೆದರಿತು. "ತಂಗೆವ್ವಾ" ಎಂದಳು. ಆ ಹೆಸರಿಗೆ ಕಿವಿ ತಿರುಗಿಸಿ, ಶೈಲಾ ಇದ್ದಾಳೇನೋ ಎಂದು ಹಿಂದೆ ನೋಡಿತು. ಅಷ್ಟರಲ್ಲಿ ಡಾಕ್ಟರು ಸೂಜಿ ಹಾಕಿದರು.

ಮೂರು ವಾರದ ನಂತರದ ಪರೀಕ್ಷೆಯಲ್ಲಿ ಸವಣೂರು, ಶಿಗ್ಗಾವಿಯ ನಾಲ್ಕೂ ಪಾರಾದವು. ಹಾನಗಲ್ಲಿನ ಮೂರರಲ್ಲಿ ಬಾದಲ್‌ಗೆ ರೋಗ ಬಂದಿತ್ತು, ಅದನ್ನೂ ಕೊಂದರು. ಯಾವ ದಿನ ಅಂಟಿತೆಂದು ಹೇಳಲಾಗದು ಎಂದರು ಡಾಕ್ಟರು. ಮಾಹೀರಾಳ ಕಣ್ಣಿಗೆ ಆ ಸಿಮೆಂಟ್ ತೊಟ್ಟಿ ಬಂತು, ಜೇಬಿಗೆ ಮರಳಿದ ಫೋನ್ ಬಂತು.

ಶೈಲಾಳಿಗೆ ರೋಗವಿಲ್ಲವೆಂದು ಖಾತ್ರಿಯಾಗಲು ಹದಿನೈದು ದಿನ ಹಿಡಿಯಿತು. ಆದರೆ ಕುದುರೆ ರೋಗದವಳೆಂಬ ಹೆಸರು ಓಣಿಯಲ್ಲಿ ನಿಂತುಹೋಯಿತು. ಮದುವೆ ಹಂಗಾಮಿನಲ್ಲಿ ಹೊಲಿಯಲು ಕೊಟ್ಟಿದ್ದ ರವಿಕೆ ಬಟ್ಟೆಗಳನ್ನು ಹೆಂಗಸರು ವಾಪಸ್ ಒಯ್ದರು. ಕೆಲವರು ಮುಟ್ಟಲೂ ಒಲ್ಲದೆ ಅವಳಲ್ಲೇ ಬಿಟ್ಟರು.

ಮಾಹೀರಾ ಅವಳನ್ನು ನೋಡಲು ಹೋದಳು. ಹೋಗದೆಯೂ ಇರಬಹುದಿತ್ತು. ಶೈಲಾ ಮಷಿನ್ ಮುಂದೆ ಸುಮ್ಮನೆ ಕೂತಿದ್ದಳು. ಕೆನ್ನೆ ಒಳಸೇರಿದ್ದವು.

"ಬಾ, ಕುಂದ್ರು" ಎಂದಳು. ಆಮೇಲೆ ಕೇಳಿದಳು: "ಸಾಯೂವಾಗ ಭಾಳ ಒದ್ದಾಡಿತೇನು?"

"ಇಲ್ಲ ಶೈಲಕ್ಕಾ. ಸೂಜಿ ಹಾಕಿದ ಕೂಡ್ಲೆ ಮಲಗ್ತು."

"ನಾನ ಅದನ್ನ ಕೊಂದ್ನೇನೋ. ಬಿಳೇದರ ಮೂಗ ಒರಸಿದ ಕೈಯಾಗ ಇದಕ್ಕ ಬೆಲ್ಲಾ ತಿನಿಸೇನಿ. ನೀ ಹೇಳಿದ್ದಿ, ಹೋಗಬ್ಯಾಡಂತ. ಬರೇ ನೆಗಡಿ ಅಂತ ಮಾಡಿದ್ನಿ. ಇಂಥಾ ರೋಗ ಅಂತ ಯಾರಿಗೆ ಗೊತ್ತಿತ್ತು?"

ಮಾಹೀರಾ ಚಾಪೆಯ ಅಂಚನ್ನು ನೋಡುತ್ತ ಕೂತಳು. ಹೌದು, ಯಾರಿಗೂ ಗೊತ್ತಿರಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಶೈಲಾ ಜೀವನವಿಡೀ ತನ್ನ ಕೈಯನ್ನೇ ಬೈದುಕೊಂಡು ಇರುತ್ತಿದ್ದಳು.

"ನನಗ ಗೊತ್ತಿತ್ತು" ಎಂದಳು.

"ಏನು?"

"ಮೊದಲನೇ ಗುರುವಾರ ಗೊತ್ತಾತು. ಹನ್ನೊಂದ ದಿನಾ ಬಾಯಿ ಮುಚಗೊಂಡಿದ್ನಿ. ಅಂಬರೀಶ ಹಬ್ಬದ ಹೊತ್ತಿಗೆ ಹಾಳಾಗ್ಲಿ ಅಂತ." ಆಮೇಲೆ ಸುರಮಾಳ ಕಥೆಯನ್ನೆಲ್ಲ ಹೇಳಿದಳು. ಎರಡು ವರ್ಷ ಜೊತೆಗೆ ಉಂಡವಳಿಗೆ ಅದನ್ನು ಹೇಳುತ್ತಿದ್ದುದು ಅದೇ ಮೊದಲು.

ಶೈಲಾ ಕೇಳಿ ಮುಗಿಸಿ ಮಷಿನ್ ಮೇಲಿನ ಬಟ್ಟೆ ಮಡಚಿದಳು. ಎದ್ದು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತಳು.

"ಹೋಗಿ ಬರ್ರಿ" ಎಂದಳು. "ನಿಮಗ ಹೊತ್ತಾತು."

ಎರಡು ವರ್ಷದಲ್ಲಿ ಶೈಲಾ ಅವಳಿಗೆ ಬಹುವಚನ ಬಳಸಿದ್ದು ಇದೇ ಮೊದಲು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅಷ್ಟು ತಣ್ಣಗಿದ್ದಳೆಂದೇ ಮಾಹೀರಾಳಿಗೆ ಭಯವಾಯಿತು.

ಅಂಬರೀಶ ಹಾನಗಲ್ಲಿನ ಉಳಿದೆರಡು ಕುದುರೆ ಮಾರಿ ವ್ಯವಹಾರ ಮುಚ್ಚಿದ. ಸವಣೂರು ಶಿಗ್ಗಾವಿಯ ನಾಲ್ಕನ್ನು ಕೇಳಲೂ ಬರಲಿಲ್ಲ. ಅವುಗಳ ಹೊಟ್ಟೆ ಹೊರೆಯುವುದು ಮಾಹೀರಾಳಿಗೇ ಬಂತು. ನಾಲ್ಕಾದರೂ ಉಳಿದವಲ್ಲ, ಅಪ್ಪನ ಹೆಸರಿನಲ್ಲಿ ಮತ್ತೆ ನಡೆಸೋಣವೆಂದು ಅವಳು ಆಸೆಪಟ್ಟಳು.

ಜೂನ್ ತಿಂಗಳಲ್ಲಿ ದುಂಡಸಿಯ ರೈತ ಕುದುರೆಮೆಂತ್ಯ ಕೊಡುವುದಿಲ್ಲ ಎಂದ. ಯಾಕೆಂದು ಕೇಳಿದರೆ, "ಹಿರೇಕೆರೂರಿಂದ ಒಬ್ಬಾಕಿ ಬಂದಿದ್ದಳ್ರಿ. ರೋಗ ಗೊತ್ತಿದ್ದೂ ಮುಚ್ಚಿಟ್ರಂತಲ್ಲಾ ನೀವು. ನಮ್ಮ ಮನ್ಯಾಗೂ ದನಾ ಕರಾ ಅದಾವು" ಎಂದ. ವಾರದೊಳಗೆ ಹತ್ತಿಮತ್ತೂರಿನ ಕಣಿಕೆಯವನೂ ಅದನ್ನೇ ಹೇಳಿದ. ಲಾಳ ಬಡಿಯುವವನು ಫೋನ್ ಎತ್ತುವುದನ್ನೇ ಬಿಟ್ಟ. ಶೈಲಾ ಒಂದೊಂದು ಊರಿಗೂ ಬಸ್ಸಿನಲ್ಲಿ ಹೋಗಿ, ಕೂಗದೆ ಬೈಯದೆ, ಹನ್ನೊಂದು ದಿನದ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿ ಬರುತ್ತಿದ್ದಳು. ಒಂದು ಮಾತೂ ಸುಳ್ಳಿರಲಿಲ್ಲ.

ಶಿಗ್ಗಾವಿಯಲ್ಲಿ ಜಾಗ ಕೊಟ್ಟಿದ್ದ ಮುದುಕ ಗುತ್ತೆಪ್ಪ ಕೈ ಮುಗಿದ. "ತಪ್ಪ ತಿಳಕೋಬ್ಯಾಡವ್ವಾ. ಓಣಿಯವ್ರು ಬಿಡವಲ್ಲರು. ನಿನ್ನ ಕುದುರಿ ಹೊಡಕೊಂಡ ಹೋಗು."

ಎರಡೂ ಕುದುರೆಗಳನ್ನು ಬಿಚ್ಚಿ, ಒಂದೊಂದು ಕೈಯಲ್ಲಿ ಒಂದೊಂದು ಹಗ್ಗ ಹಿಡಿದು, ಮಾಹೀರಾ ಶಿಗ್ಗಾವಿಯಿಂದ ಸವಣೂರಿಗೆ ನಡೆದೇ ಬಂದಳು. ಮಧ್ಯಾಹ್ನವಾಗಿತ್ತು. ಮೆಹಬೂಬಸಾಬ ಅಂಗಳದಲ್ಲಿ ನಿಂತಿದ್ದ. ಅವನಿಗೂ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಡಾಕ್ಟರಿಗೆ ಅಂದೇ ಹೇಳಿದೆ ಎಂದ ಸುಳ್ಳೂ ತಿಳಿದಿತ್ತು. ಎಂಟು ದಿನದಿಂದ ಮಗಳ ಜೊತೆ ಮಾತು ಬಿಟ್ಟಿದ್ದವನು, ಒಂದು ಹಗ್ಗವನ್ನು ಕೈಗೆ ತೆಗೆದುಕೊಂಡ.

"ನಾಳೆ ಮೇವಿಗೆ ಏನು ಮಾಡ್ತಿ?"

"ನಮ್ಮನ್ನ ತಿಳಿಲಾರದ ಊರಿಗೆ ಹೋಗಿ ಕೇಳ್ತೇನಿ."

"ಅಲ್ಲಿಗೂ ಬರ್ತಾಳ ಆಕಿ."

"ಬರ್ತಾಳ" ಎಂದಳು ಮಾಹೀರಾ. ಕುದುರೆಗಳಿಗೆ ಬಾಯಾರಿತ್ತು. ಅವಳು ಎರಡು ಬಕೆಟ್ ತೊಳೆದು, ಬೇರೆ ಬೇರೆ ಇಟ್ಟು, ನೀರು ತುಂಬಿದಳು. "ಇಲ್ಲಿಗೂ ಬರ್ತಾಳ ಅಬ್ಬಾ. ಬಂದ್ರ ಬಾಗಲಾ ಹಾಕಬ್ಯಾಡ್ರಿ. ಆಕಿ ಹೇಳೂದೆಲ್ಲಾ ಕೇಳಸ್ಕೋರಿ."